ಕೆಲಸ ಕೇಳಿದ ದಿನದ ಚೀಟಿ: ನಿರುದ್ಯೋಗ ಭತ್ಯೆಯ ನಿಯಮಗಳು, ಯುದ್ಧಕಾಲದ ಬ್ರಿಟನ್ನಿನಿಂದ ಮಾಡಗ್ಯಾಳದವರೆಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಪುನರುಕ್ತಿಗಳನ್ನು ತೆಗೆದಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರಗಳಿವೆ.)

ಧ್ವನಿ ಸರಿಯಾಗಿ ಬರ್ತಿದೆ ಅಂದುಕೊಂಡು ಶುರು ಮಾಡ್ತೀನಿ. ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ. ನಡುವೆ ನಾನು ಕಾಣೆಯಾದರೆ ಐದು ನಿಮಿಷ ಕಾಯಬೇಕು ಅಂತ ಮೊದಲೇ ವಿನಂತಿ.

ಹಿಂದಿನ ಗೋಷ್ಠಿಯಲ್ಲಿ ಮಹಾಯುದ್ಧಗಳ ಕಾಲದ ಬ್ರಿಟನ್ನಿನ ಕಾರ್ಮಿಕರ ಬಗ್ಗೆ, ಅಲ್ಲಿಯ ನಿರುದ್ಯೋಗ ವಿಮೆಯ ಬಗ್ಗೆ ಚರ್ಚೆ ಆಯ್ತು. ಆಗ ಒಬ್ಬರು ಕೇಳಿದ್ರು: ‘ಇದೆಲ್ಲ ಆ ದೇಶದ ಮಾತು. ನಮ್ಮ ಹಳ್ಳಿಯ ಕೂಲಿಯವನಿಗೆ ಕೆಲಸ ಇಲ್ಲದ ದಿನಕ್ಕೆ ದುಡ್ಡು ಕೊಡೋ ಕಾನೂನು ಎಲ್ಲಿದೆ?’ ಇದೆ. ನಾನು ಕೂತಿರುವ ಸಾಂಗ್ಲಿ ಜಿಲ್ಲೆಯಿಂದಲೇ ಅದರ ಒಂದು ಬೇರು ಹೊರಟಿದೆ. ಆದರೆ ಆ ದುಡ್ಡನ್ನು ಕೈಯಲ್ಲಿ ಎಣಿಸಿದವರು ಬಹಳ ಕಡಿಮೆ. ಕಾನೂನು ಇದ್ದೂ ದುಡ್ಡು ಯಾಕೆ ಬರಲಿಲ್ಲ ಅನ್ನುವುದೇ ಇವತ್ತಿನ ನನ್ನ ವಿಷಯ. ಮುಖ್ಯವಾಗಿ ಎರಡು ಕಾಯ್ದೆಗಳನ್ನು ತಗೋತೀನಿ: ಮಹಾರಾಷ್ಟ್ರದ 1977ರ ಉದ್ಯೋಗ ಖಾತರಿ ಕಾಯ್ದೆ, ಕೇಂದ್ರದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ.

1. ಊರಿನ ಪರಿಚಯ

ಮಾಡಗ್ಯಾಳ ಇರೋದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ವಿಜಯಪುರ ಜಿಲ್ಲೆಗೆ ಹತ್ತಿರ. ಮನೆಯಲ್ಲಿ, ಸಂತೆಯಲ್ಲಿ, ಗುಡಿಯಲ್ಲಿ ಕನ್ನಡ. ತಹಶೀಲಿಯಲ್ಲಿ, ಪಂಚಾಯತ ಸಮಿತಿಯಲ್ಲಿ ಮರಾಠಿ. ಜತ್ತ ಮೊದಲು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ನಮ್ಮ ಊರಿನ ಹೆಸರು ಹೊರಗೆ ಗೊತ್ತಿರೋದು ಕುರಿಯಿಂದ. ಎತ್ತರ ನಿಲುವಿನ, ಬಾಗಿದ ಮೂಗಿನ ಮಾಡಗ್ಯಾಳ ತಳಿಯ ಟಗರಿಗೆ ದೂರದೂರದಿಂದ ಗಿರಾಕಿ ಬರ್ತಾರೆ.

ಕುರಿಗೆ ಹೆಸರಾದ ಸೀಮೆ ಅಂದ್ರೆ ಅಲ್ಲಿ ಮಳೆ ಕಡಿಮೆ ಅಂತ ಅರ್ಥ. ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ ನದಿ, ಕಬ್ಬು, ಸಕ್ಕರೆ ಕಾರ್ಖಾನೆ. ಪೂರ್ವದ ನಮ್ಮ ಭಾಗದಲ್ಲಿ ಜೋಳ, ಸಜ್ಜೆ, ಬರ. ಹಿಂಗಾರಿ ಕೈಕೊಟ್ಟರೆ ಹೊಲದಲ್ಲೂ ಕೆಲಸ ಇಲ್ಲ, ಊರಲ್ಲೂ ಕೆಲಸ ಇಲ್ಲ. ನೀರಿಗಾಗಿ ‘ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ’ ಅಂತ ಜತ್ತ ತಾಲೂಕಿನ ಹಳ್ಳಿಗಳು ಹಿಂದೆ ಠರಾವು ಮಾಡಿದ್ದು, 2022ರ ಕೊನೆಯಲ್ಲಿ ಆ ಮಾತು ಎರಡೂ ರಾಜ್ಯಗಳ ರಾಜಕಾರಣದಲ್ಲಿ ಮತ್ತೆ ಎದ್ದದ್ದು ನಿಮಗೆ ನೆನಪಿರಬಹುದು. ಆ ಸುದ್ದಿಯಲ್ಲಿ ನೀರಿನ ಮಾತು ಬಂತು. ನೀರಿಲ್ಲದ ಊರಲ್ಲಿ ಕೂಲಿಯವರು ಬ್ಯಾಸಗಿಯ ನಾಲ್ಕು ತಿಂಗಳು ಏನು ತಿಂತಾರೆ ಅನ್ನುವ ಮಾತು ಅಷ್ಟಾಗಿ ಬರಲಿಲ್ಲ.

2. ಯಾರು ಏನನ್ನು ಸಾಬೀತು ಮಾಡಬೇಕು?

ನಿರುದ್ಯೋಗ ಭತ್ಯೆಯ ಕಾನೂನು ಓದುವಾಗ ನಾವೆಲ್ಲ ಮೊದಲು ನೋಡೋದು ‘ಎಷ್ಟು ರೂಪಾಯಿ’ ಅಂತ. ನನ್ನ ವಾದ ಏನಂದ್ರೆ, ಮೊದಲು ನೋಡಬೇಕಾದ್ದು ‘ಸಾಬೀತು ಮಾಡುವ ಹೊರೆ ಯಾರ ಮೇಲೆ’ ಅಂತ. ಕೆಲಸ ಇಲ್ಲದವನು ‘ನಾನು ನಿಜಕ್ಕೂ ಕೆಲಸ ಹುಡುಕಿದೆ, ಸಿಗಲಿಲ್ಲ’ ಅಂತ ತೋರಿಸಬೇಕೋ, ಅಥವಾ ಸರಕಾರ ‘ನಾವು ಕೆಲಸ ಕೊಟ್ಟೆವು, ಅವನು ಬರಲಿಲ್ಲ’ ಅಂತ ತೋರಿಸಬೇಕೋ? ಈ ಒಂದು ಪ್ರಶ್ನೆಯ ಉತ್ತರ ಬದಲಾದರೆ ಇಡೀ ಕಾನೂನಿನ ಸ್ವಭಾವ ಬದಲಾಗುತ್ತೆ. ಇದು ಅರ್ಥವಾಗಲಿಕ್ಕೆ ಬ್ರಿಟನ್ನಿನ ಉದಾಹರಣೆ ಚೆನ್ನಾಗಿದೆ. ಅದನ್ನ ಚುಟುಕಾಗಿ ನೋಡೋಣ.

1911ರ ರಾಷ್ಟ್ರೀಯ ವಿಮಾ ಕಾಯ್ದೆ ಅಲ್ಲಿ ನಿರುದ್ಯೋಗ ವಿಮೆಯನ್ನು ತಂತು. ಎಲ್ಲರಿಗೂ ಅಲ್ಲ, ಕಟ್ಟಡ, ಹಡಗು ನಿರ್ಮಾಣ, ಯಂತ್ರ ತಯಾರಿಕೆಯಂತಹ ಕೆಲವೇ ಉದ್ಯೋಗಗಳ ಸುಮಾರು 22 ಲಕ್ಷ ಕಾರ್ಮಿಕರಿಗೆ. ಕಾರ್ಮಿಕ, ಮಾಲೀಕ, ಸರಕಾರ ಮೂವರೂ ವಂತಿಗೆ ಹಾಕಬೇಕು. ಕೆಲಸ ಹೋದರೆ ಮೊದಲ ವಾರ ಏನೂ ಇಲ್ಲ. ಆಮೇಲೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಸಕಾರಣ ಇಲ್ಲದೆ ತಾನಾಗಿ ಕೆಲಸ ಬಿಟ್ಟರೆ, ದುರ್ನಡತೆಯಿಂದ ಕೆಲಸ ಕಳಕೊಂಡರೆ ಆರು ವಾರ ಭತ್ಯೆ ಇಲ್ಲ. ಮುಷ್ಕರದಿಂದ ಕೆಲಸ ನಿಂತಿದ್ದರೆ ಅದು ಮುಗಿಯುವ ತನಕ ಇಲ್ಲ.

ಮೊದಲ ಮಹಾಯುದ್ಧ ಬಂದಾಗ ಸಮಸ್ಯೆ ತಲೆಕೆಳಗಾಯ್ತು. ಈಗ ಕೆಲಸದ ಕೊರತೆ ಇಲ್ಲ, ಕೆಲಸಗಾರರ ಕೊರತೆ. 1915ರ ಮದ್ದುಗುಂಡು ಕಾಯ್ದೆ ಪ್ರಕಾರ ಯುದ್ಧಸಾಮಗ್ರಿಯ ಕಾರ್ಖಾನೆ ಬಿಡುವ ಕೆಲಸಗಾರ ಮಾಲೀಕನಿಂದ ‘ಬಿಡುಗಡೆ ಚೀಟಿ’ ತರಬೇಕು. ತರದಿದ್ದರೆ ಆರು ವಾರ ಬೇರೆ ಯಾರೂ ಅವನಿಗೆ ಕೆಲಸ ಕೊಡುವ ಹಾಗಿಲ್ಲ. ಪಕ್ಕದ ಕಾರ್ಖಾನೆಯಲ್ಲಿ ಕೂಲಿ ಹೆಚ್ಚಿದೆ ಅಂತ ಹೋಗುವ ಹಾಗಿಲ್ಲ. ಇದರ ವಿರುದ್ಧ ಎಷ್ಟು ಸಿಟ್ಟು ಬಂತು ಅಂದ್ರೆ 1917ರಲ್ಲಿ ಆ ಚೀಟಿಯನ್ನು ರದ್ದು ಮಾಡಬೇಕಾಯ್ತು.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಮದ್ದುಗುಂಡು ಕಾರ್ಖಾನೆಗಳಲ್ಲಿದ್ದ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ಮನೆಗೆ ಕಳಿಸಿದರು. ವಂತಿಗೆಯ ಲೆಕ್ಕ ನೋಡದೆ ಒಂದು ತಾತ್ಕಾಲಿಕ ‘ಕೆಲಸವಿಲ್ಲದವರ ದೇಣಿಗೆ’ ಕೊಡಲಾಯಿತು: ಡಿಸೆಂಬರ್ ಹೊತ್ತಿಗೆ ಗಂಡಸಿಗೆ ವಾರಕ್ಕೆ 29 ಶಿಲಿಂಗ್, ಹೆಂಗಸಿಗೆ 25. ಆದರೆ ‘ಮನೆಗೆಲಸದ ಜಾಗ ಖಾಲಿ ಇದೆ, ಹೋಗು’ ಅಂದಾಗ ಒಲ್ಲೆ ಅಂದ ಹೆಂಗಸರಿಗೆ ದೇಣಿಗೆ ನಿಲ್ಲಿಸಿದರು. ನಿನ್ನೆಯವರೆಗೆ ಯಂತ್ರದ ಮುಂದೆ ನಿಂತವಳು ಇವತ್ತು ಇನ್ನೊಬ್ಬರ ಮನೆಯ ಪಾತ್ರೆ ತಿಕ್ಕಬೇಕು, ಇಲ್ಲಾಂದ್ರೆ ‘ಇವಳಿಗೆ ಕೆಲಸ ಬೇಕಿಲ್ಲ’ ಅಂತ ಬರೀತಾರೆ.

ಮುಂದೆ 1921ರಲ್ಲಿ ‘ನಿಜವಾಗಿ ಕೆಲಸ ಹುಡುಕುತ್ತಿದ್ದಾನೆಯೇ’ ಎಂಬ ಪರೀಕ್ಷೆ ಬಂತು. ಎಲ್ಲೆಲ್ಲಿ ಹೋದೆ, ಯಾವ ಗೇಟಿನಲ್ಲಿ ಕೇಳಿದೆ ಅಂತ ಅರ್ಜಿದಾರನೇ ಒಪ್ಪಿಸಬೇಕು. ಕೆಲಸವೇ ಇಲ್ಲದ ಊರಲ್ಲೂ ಗೇಟಿನಿಂದ ಗೇಟಿಗೆ ತಿರುಗಬೇಕು. 1930ರಲ್ಲಿ ಇದನ್ನು ತೆಗೆಯುವ ಹೊತ್ತಿಗೆ ಈ ಒಂದು ಕಾರಣಕ್ಕೆ ತಿರಸ್ಕೃತವಾದ ಅರ್ಜಿಗಳು ಸುಮಾರು 30 ಲಕ್ಷ. ಮರುವರ್ಷ, 1931ರಲ್ಲಿ, ಮನೆಯ ಆದಾಯ ತಪಾಸಣೆ ಬಂತು. ಮಗ ದುಡಿದರೆ ಅಪ್ಪನ ಭತ್ಯೆಗೆ ಕತ್ತರಿ. ಇಡೀ ಮನೆಯ ದುಡಿಮೆಯನ್ನು ಒಟ್ಟಿಗೆ ಲೆಕ್ಕ ಹಿಡಿಯುವ ಈ ಪದ್ಧತಿಯನ್ನು ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ ಕೈಬಿಟ್ಟರು. ಅದೇ ವರ್ಷ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ ‘ಅಗತ್ಯ ಕೆಲಸ ಆದೇಶ’ ಹೊರಡಿಸಿದರು. ಅಂಥ ಕಾರ್ಖಾನೆಯ ಕೆಲಸಗಾರ ಅನುಮತಿ ಇಲ್ಲದೆ ಬಿಡುವ ಹಾಗಿಲ್ಲ. ಆದರೆ ಮಾಲೀಕನೂ ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ, ವಾರದ ಕನಿಷ್ಠ ಕೂಲಿ ಖಾತ್ರಿ. 1915ರ ಕಟ್ಟು ಒಂದೇ ಕಡೆಯದಾಗಿತ್ತು, 1941ರದ್ದು ಎರಡೂ ಕಡೆಗೆ.

ಇಷ್ಟರಲ್ಲಿ ಒಂದು ಸಾಮಾನ್ಯ ಅಂಶ ಗಮನಿಸಿ. ಭತ್ಯೆ ಕೊಡುವ ಕಚೇರಿ ಪ್ರತಿ ಸಲವೂ ಅನುಮಾನಿಸಿದ್ದು ಕೆಲಸ ಇಲ್ಲದವನನ್ನೇ. ಇವನು ಸೋಮಾರಿಯೋ ಅಲ್ಲವೋ ಅನ್ನೋದು ಅದರ ಮೊದಲ ಪ್ರಶ್ನೆ.

3. ನಮ್ಮ ಸೀಮೆಯ ಹಳೆಯ ಪರೀಕ್ಷೆ

ಇದೇ ಅನುಮಾನವನ್ನು ಬ್ರಿಟಿಷರು ನಮ್ಮಲ್ಲಿಗೂ ತಂದಿದ್ದರು, ಅದಕ್ಕಿಂತ ಮೊದಲೇ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದ್ರೆ ಇವತ್ತಿನ ವಿಜಯಪುರ–ಬಾಗಲಕೋಟೆ ಭಾಗವನ್ನು, ಹಾಳು ಮಾಡಿತು. ಬರದ ಕಾಮಗಾರಿ ತೆರೆದರು. ಆದರೆ ಸುಲಭವಾಗಿ ಜನ ಬರಬಾರದು ಅಂತ ಎರಡು ಪರೀಕ್ಷೆ ಇಟ್ಟರು. ಒಂದು ದೂರದ ಪರೀಕ್ಷೆ: ಕೆಲಸ ಊರ ಹತ್ತಿರ ಇರಬಾರದು, ಮನೆ ಬಿಟ್ಟು ದೂರದ ಬಿಡಾರಕ್ಕೆ ಹೋಗಬೇಕು. ಇನ್ನೊಂದು ಕೂಲಿಯ ಪರೀಕ್ಷೆ: 1877ರಲ್ಲಿ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಕಾಸು ಅನ್ನುವ ಮಟ್ಟಕ್ಕೆ ಇಳಿಸಿದ. ಕಲ್ಲು ಒಡೆಯುವ ಮನುಷ್ಯನಿಗೆ ಅರ್ಧ ಕಿಲೋಗಿಂತ ಕಡಿಮೆ ಕಾಳು. ಪುಣೆಯ ಸಾರ್ವಜನಿಕ ಸಭೆ ಇದನ್ನು ವಿರೋಧಿಸಿತು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನ ಕೂಲಿಯವರು ಕೆಲಸ ಬಿಟ್ಟು ಎದ್ದು ನಡೆದರು. ಹಸಿದವರ ಮುಷ್ಕರ ಅದು.

ಇಷ್ಟು ದೂರ ನಡೆದು ಇಷ್ಟು ಕಡಿಮೆಗೆ ದುಡಿಯಲಿಕ್ಕೆ ಬಂದವನೇ ನಿಜವಾದ ಹಸಿದವನು ಅನ್ನುವ ತರ್ಕ. ಇಲ್ಲೂ ಸಾಬೀತು ಮಾಡಬೇಕಾದವನು ಅವನೇ. ಲಂಡನ್ನಿನಲ್ಲಿ ಗೇಟಿನಿಂದ ಗೇಟಿಗೆ ನಡೆದು ತೋರಿಸಬೇಕಿತ್ತು, ಕಲಾದಗಿಯಲ್ಲಿ ಬಿಡಾರದವರೆಗೆ ನಡೆದು.

4. ವಿಸಾಪುರದಿಂದ ಹೊರಟ ಕಾನೂನು

ಈ ಹೊರೆಯನ್ನು ತಿರುಗಿಸಿದ ಕಾನೂನು ಹುಟ್ಟಿದ್ದು ನಮ್ಮ ಜಿಲ್ಲೆಯ ಅನುಭವದಿಂದ. ವಿ. ಸ. ಪಾಗೆ ಸಾಂಗ್ಲಿ ಜಿಲ್ಲೆಯವರು; 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಕೇಳಿದವನಿಗೆ ಕೆಲಸ ಕೊಡುವ ಪ್ರಯೋಗವನ್ನು ಅವರು 1960ರ ದಶಕದಲ್ಲಿ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಮಾಡಿ ನೋಡಿದರು. 1972ರಲ್ಲಿ ಅದು ರಾಜ್ಯದ ಯೋಜನೆಯಾಯ್ತು.

ಅದೇ ಹೊತ್ತಿಗೆ 1972–73ರ ಬರ. ನಮ್ಮ ಕಡೆಯ ಹಿರಿಯರು ವರ್ಷವನ್ನೇ ‘ಬಹಾತ್ತರದ ದುಷ್ಕಾಳ’ ಅಂತ ಮರಾಠಿ–ಕನ್ನಡ ಕೂಡಿಸಿ ಕರೀತಾರೆ. ಖಡಿ ಒಡೆಯೋದು, ರಸ್ತೆ, ನಾಲಾ ಬಂಡಿಂಗ್, ಪಾಝರ ತಲಾವು. ರೇಷನ್ನಿಗೆ ಅಮೆರಿಕದ ಕೆಂಪು ಮಿಲೋ ಜೋಳ. ಕೆಲಸದ ಜಾಗದಲ್ಲಿ ‘ಸುಕಡಿ’ ಅನ್ನುವ ಪುಡಿ ತಿನಿಸು. 1973ರ ಮೇ ತಿಂಗಳಲ್ಲಿ ಇಡೀ ರಾಜ್ಯದಲ್ಲಿ ಬರದ ಕಾಮಗಾರಿ ಮೇಲೆ ಇದ್ದವರು ಸುಮಾರು 50 ಲಕ್ಷ. ಅಷ್ಟು ಜನ ಒಟ್ಟಿಗೆ ಒಂದೇ ಮಾತು ಕಲಿತರು: ಕೆಲಸವನ್ನ ಸರಕಾರದ ಹತ್ತಿರ ಕೇಳಬಹುದು, ಕೊಡದಿದ್ದರೆ ಮೋರ್ಚಾ ಒಯ್ಯಬಹುದು.

ಕಾಯ್ದೆ ಆದದ್ದು 1977ರಲ್ಲಿ, ಜಾರಿಗೆ ಬಂದದ್ದು 26 ಜನವರಿ 1979ರಿಂದ. ಖರ್ಚಿಗೆ ಪಟ್ಟಣದ ನೌಕರರು, ವೃತ್ತಿಯವರು ಕೊಡುವ ವೃತ್ತಿ ತೆರಿಗೆ. ಅಷ್ಟೇ ಮೊತ್ತ ಸರಕಾರದಿಂದ. ಮುಂಬಯಿಯಲ್ಲಿ ಪಗಾರದಿಂದ ಕಟ್ ಆದ ದುಡ್ಡು ಜತ್ತದ ಬಂಡಿಂಗಿಗೆ ಬಂತು ಅಂತ ಸರಳವಾಗಿ ಹೇಳಬಹುದು.

ನಿಯಮ ಏನಿತ್ತು? ಹಳ್ಳಿಯ ಯಾವ ವಯಸ್ಕ ಮೈಮುರಿಯುವ ಕೆಲಸ ಕೇಳಿದರೂ 15 ದಿನದೊಳಗೆ ಕೊಡಬೇಕು. ಕೊಡದಿದ್ದರೆ ದಿನಕ್ಕೆ 1 ರೂಪಾಯಿಗೆ ಕಡಿಮೆ ಇಲ್ಲದ ನಿರುದ್ಯೋಗ ಭತ್ಯೆ. ಆದಾಯ ತಪಾಸಣೆ ಇಲ್ಲ, ಜಾತಿ ದಾಖಲೆ ಇಲ್ಲ, ಎಲ್ಲೆಲ್ಲಿ ಕೆಲಸ ಹುಡುಕಿದೆ ಅನ್ನುವ ವಿಚಾರಣೆ ಇಲ್ಲ. ಖಡಿ ಒಡೆಯಲಿಕ್ಕೆ ಸಿದ್ಧ ಇದ್ದಾನೆ ಅಂದ್ರೆ ಅಷ್ಟೇ ಸಾಕು.

ಇಲ್ಲಿ ಬದಲಾವಣೆ ಗಮನಿಸಿ. ಕೂಲಿಯವನು ತೋರಿಸಬೇಕಾದ್ದು ಒಂದೇ ಒಂದು: ‘ನಾನು ಇಂಥ ದಿನ ಕೇಳಿದ್ದೆ’. ಆಮೇಲಿನ ಹೊರೆಯೆಲ್ಲ ಸರಕಾರದ ಮೇಲೆ. ಸಂವಿಧಾನದ 41ನೇ ವಿಧಿ ಕೆಲಸದ ಹಕ್ಕು, ನಿರುದ್ಯೋಗದಲ್ಲಿ ನೆರವು ಎರಡನ್ನೂ ಹೇಳುತ್ತೆ; ಆದರೆ ಅದು ನಿರ್ದೇಶಕ ತತ್ತ್ವ, ಕೋರ್ಟಿನಲ್ಲಿ ಕೇಳಲಿಕ್ಕೆ ಬರಲ್ಲ. ಅದನ್ನ ಕೇಳಿ ಪಡೆಯುವ ಹಕ್ಕಾಗಿ ಮಾಡಿದ್ದು ಈ ಕಾಯ್ದೆ.

5. 2005ರ ಲೆಕ್ಕ

ಇದೇ ಅಚ್ಚಿನ ಮೇಲೆ 2005ರಲ್ಲಿ ಕೇಂದ್ರದ ಕಾಯ್ದೆ ಬಂತು. 2006ರ ಫೆಬ್ರುವರಿ 2ರಂದು 200 ಜಿಲ್ಲೆಗಳಲ್ಲಿ ಶುರುವಾಗಿ, 2008ರ ಏಪ್ರಿಲ್ ಹೊತ್ತಿಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಹಬ್ಬಿತು. ಆ ಕಾಯ್ದೆಯಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಇತ್ತು. ಐದು ಕಿಲೋಮೀಟರಿಗಿಂತ ದೂರ ಕೆಲಸ ಕೊಟ್ಟರೆ ಶೇಕಡಾ 10 ಹೆಚ್ಚು ಕೂಲಿ. 1877ರಲ್ಲಿ ಶಿಕ್ಷೆಯಾಗಿದ್ದ ದೂರಕ್ಕೆ ಇಲ್ಲಿ ಪರಿಹಾರ ಸಿಕ್ಕಿತು.

ಅದರ 7ನೇ ಕಲಮು ನಿರುದ್ಯೋಗ ಭತ್ಯೆಯದ್ದಾಗಿತ್ತು. ಅರ್ಜಿ ಕೊಟ್ಟ, ಇಲ್ಲವೇ ಕೆಲಸ ಬೇಕು ಅಂತ ಬರೆದ ದಿನದಿಂದ 15 ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ ಶುರು. ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ.

ಲೆಕ್ಕ ಮಾಡಿ ನೋಡೋಣ. ಸುಲಭಕ್ಕೆ ಕೂಲಿ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬಾಕೆ ಏಪ್ರಿಲ್ 1ಕ್ಕೆ ಕೆಲಸ ಕೇಳಿದಳು, ಮೇ 31ರವರೆಗೂ ಕೆಲಸ ಬರಲಿಲ್ಲ. ಏಪ್ರಿಲ್ 15ಕ್ಕೆ ಸರಕಾರದ ಗಡುವು ಮುಗೀತು. ಏಪ್ರಿಲ್ 16ರಿಂದ ಮೇ 15, 30 ದಿನ, ದಿನಕ್ಕೆ 50ರಂತೆ 1,500. ಮೇ 16ರಿಂದ 31, 16 ದಿನ, ದಿನಕ್ಕೆ 100ರಂತೆ 1,600. ವಾರದ ರಜೆಯ ಗೊಡವೆ ಬಿಟ್ಟರೆ ಒಟ್ಟು 3,100. ಅದೇ 46 ದಿನ ಕೆಲಸ ಕೊಟ್ಟಿದ್ದರೆ ಆಕೆಗೆ 9,200 ಬರ್ತಿತ್ತು.

ಅಂದ್ರೆ ಈ ಭತ್ಯೆಯಿಂದ ಸಂಸಾರ ನಡೆಯಲ್ಲ, ನಡೆಯಲಿ ಅಂತ ಇಟ್ಟದ್ದೂ ಅಲ್ಲ. ಕೆಲಸ ತೆರೆಯದ ಸರಕಾರಕ್ಕೆ ಅದೊಂದು ದಂಡ. ಆ ದಂಡವನ್ನು ಎಲ್ಲಿ ಇಟ್ಟರು ನೋಡಿ: ಕೂಲಿ ಕೇಂದ್ರ ಸರಕಾರದ ಬೊಕ್ಕಸದಿಂದ, ಭತ್ಯೆ ರಾಜ್ಯದ ಬೊಕ್ಕಸದಿಂದ ಬರಬೇಕಿತ್ತು. ಕೆಲಸ ಕೊಟ್ಟರೆ ರಾಜ್ಯಕ್ಕೆ ಕೂಲಿಯ ಖರ್ಚಿಲ್ಲ, ಕೊಡದಿದ್ದರೆ ಭತ್ಯೆಯ ಖರ್ಚಿದೆ; ಹಾಗಾಗಿ ರಾಜ್ಯ ಕೆಲಸ ಕೊಡುತ್ತೆ ಅನ್ನೋದು ಕಾನೂನು ಬರೆದವರ ಲೆಕ್ಕ.

ಲೆಕ್ಕ ಸರಿ ಇತ್ತು. ಆದರೆ ಖರ್ಚು ತಪ್ಪಿಸಲಿಕ್ಕೆ ಇನ್ನೊಂದು ದಾರಿ ಉಳಿದಿತ್ತು: ‘ಕೇಳಿದ ದಿನ’ವನ್ನೇ ದಾಖಲು ಮಾಡದಿರೋದು.

6. ಪೋಚ ಪಾವತಿ

ಮಹಾರಾಷ್ಟ್ರದಲ್ಲಿ ಕೆಲಸ ಕೇಳುವ ಅರ್ಜಿಗೆ ‘ನಮುನಾ ನಂಬರ 4’ ಅಂತಾರೆ. ಅದನ್ನ ತುಂಬಿ ಗ್ರಾಮ ಪಂಚಾಯತಿಗೆ, ಸಾಮಾನ್ಯವಾಗಿ ರೋಜಗಾರ ಸೇವಕರ ಕೈಗೆ ಕೊಡಬೇಕು. ಅವರು ತಾರೀಖು ಹಾಕಿದ ಸ್ವೀಕೃತಿ ಕೊಡಬೇಕು. ನಮ್ಮಲ್ಲಿ ಅದಕ್ಕೆ ‘ಪೋಚ ಪಾವತಿ’. ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಇಡೀ ಭತ್ಯೆ ನಿಂತಿರೋದು ಆ ಚೀಟಿಯ ಮೇಲಿನ ತಾರೀಖಿನ ಮೇಲೆ. ಚೀಟಿ ಇದ್ದರೆ 15 ದಿನ ಎಣಿಸಬಹುದು. ಇಲ್ಲದಿದ್ದರೆ ಕೇಳಿದ್ದೇ ಸುಳ್ಳು.

ನಾನು ಹತ್ತಾರು ಹಳ್ಳಿಯ ಕೂಲಿಯವರ ಜೊತೆ ಮಾತಾಡಿದಾಗ ಮತ್ತೆ ಮತ್ತೆ ಕೇಳಿದ ಮಾತು ಒಂದೇ ನಮೂನೆಯದ್ದು. ಒಬ್ಬ ಹಿರಿಯ ಹೆಣ್ಣುಮಗಳನ್ನ ಕೇಳಿದೆ: ‘ಅಕ್ಕಾ, ಕೆಲಸ ಕೇಳಾಕ ಹೋಗಿದ್ರೇನು?’

‘ಹೋಗಿದ್ವೆಪ್ಪಾ, ಎಂಟು ಮಂದಿ ಹೋಗಿದ್ವಿ.’

‘ಅರ್ಜಿ ಕೊಟ್ರಿ?’

‘ಹೆಬ್ಬಟ್ಟು ಒತ್ತಿಸ್ಕೊಂಡ್ರು.’

‘ಪಾವತಿ ಕೊಟ್ರೇನು?’

‘ಪಾವತಿ ಯಾತರದ್ದು? ಕೆಲಸ ಬಂದ್ ಮ್ಯಾಲೆ ಹೇಳಿ ಕಳಸ್ತೀವಿ ಅಂದ್ರು.’

ಇಲ್ಲಿ ಯಾರೂ ಜಗಳ ಆಡಿಲ್ಲ, ಬೈದಿಲ್ಲ. ಕೆಲಸ ಇಲ್ಲ ಅಂತಲೂ ಹೇಳಿಲ್ಲ. ‘ಹೇಳಿ ಕಳಿಸ್ತೀವಿ’ ಅಂದ್ರು. ಅಷ್ಟರಲ್ಲಿ ಒಂದು ಕಾನೂನುಬದ್ಧ ಹಕ್ಕು ಹೋಗಿಬಿಟ್ಟಿತು. ಎರಡು ತಿಂಗಳ ನಂತರ ಕೆಲಸ ತೆರೆದಾಗ ಹೊಸ ಅರ್ಜಿ, ಹೊಸ ತಾರೀಖು. ದಾಖಲೆಯಲ್ಲಿ ಆಕೆ ಕೇಳಿದ ವಾರದಲ್ಲೇ ಕೆಲಸ ಸಿಕ್ಕಿದೆ. ಕೆಲಸ ಸಿದ್ಧವಾದ ಮೇಲೆಯೇ ಬೇಡಿಕೆಯನ್ನು ಕಂಪ್ಯೂಟರಿಗೆ ಏರಿಸುವ ಈ ರೂಢಿಯನ್ನು ದೇಶದ ಅನೇಕ ರಾಜ್ಯಗಳಲ್ಲಿ ಸಂಶೋಧಕರು ಗುರುತಿಸಿದ್ದಾರೆ.

ಕೆಳಗಿನ ನೌಕರನನ್ನಷ್ಟೇ ದೂರಿದರೆ ಅದು ಅರ್ಧ ಮಾತು. ರೋಜಗಾರ ಸೇವಕ ಸ್ವತಃ ಅಲ್ಪ ಮಾನಧನದ ಮೇಲೆ ಇರುವವನು. ಕಾಮಗಾರಿ ಮಂಜೂರಾಗೋದು ಅವನ ಕೈಲಿಲ್ಲ. ಪಾವತಿ ಕೊಟ್ಟರೆ 16ನೇ ದಿನ ಮೇಲಿನ ಕಚೇರಿಯ ಪ್ರಶ್ನೆ ಬರೋದು ಅವನಿಗೆ. ಹಾಗಾಗಿ ಅವನು ತನ್ನನ್ನು ಉಳಿಸಿಕೊಳ್ಳುತ್ತಾನೆ. ದಂಡ ತಾಗಬೇಕಾದ್ದು ಕೆಲಸ ತೆರೆಯದ ಮೇಲಿನವರಿಗೆ. ಅದರ ಹೆದರಿಕೆ ಮಾತ್ರ ಇಳಿದಿಳಿದು ಕೊನೆಯ ಮನುಷ್ಯನ ಮೇಲೆ ಕೂತಿದೆ.

7. ಭಾಷೆ ಮತ್ತು ಕಬ್ಬು

ನಮ್ಮ ಭಾಗದಲ್ಲಿ ಇನ್ನೆರಡು ತೊಡಕು ಸೇರುತ್ತವೆ.

ಒಂದು ಭಾಷೆ. ಜತ್ತದ ಪೂರ್ವ ಭಾಗದ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿ ಓದಿದವರಿಗೆ ಕನ್ನಡ ಓದಲಿಕ್ಕೆ ಬರುತ್ತೆ, ಆದರೆ ನಮುನಾ 4 ಮರಾಠಿಯಲ್ಲಿ. ಮಾತಿನ ಮರಾಠಿ ಎಲ್ಲರಿಗೂ ಬರುತ್ತೆ. ಕಚೇರಿಯ ಮರಾಠಿ ಬೇರೆ. ಎಷ್ಟು ದಿನದ ಕೆಲಸ ಕೇಳಿದೆ, ಯಾವ ತಾರೀಖಿನಿಂದ ಅನ್ನುವ ಎರಡು ಜಾಗ ಖಾಲಿ ಬಿಟ್ಟು ಹೆಬ್ಬಟ್ಟು ಒತ್ತಿದರೆ ಆಮೇಲೆ ಯಾರು ಬೇಕಾದರೂ ತುಂಬಬಹುದು. ಭತ್ಯೆಯ ಲೆಕ್ಕ ಹುಟ್ಟೋದು ಆ ಎರಡು ಜಾಗದಿಂದಲೇ.

ಎರಡನೆಯದು ಕಬ್ಬು. ದಸರಾ–ದೀಪಾವಳಿ ಆಸುಪಾಸು ನಮ್ಮ ಕಡೆಯ ಟೋಳಿಗಳು ಕಬ್ಬು ಕಡಿಯಲಿಕ್ಕೆ ಹೋಗ್ತವೆ: ಜಿಲ್ಲೆಯ ಪಶ್ಚಿಮ ಭಾಗಕ್ಕೆ, ಕೊಲ್ಲಾಪುರದ ಕಡೆಗೆ, ಕರ್ನಾಟಕದ ಕಾರ್ಖಾನೆಗಳಿಗೆ. ಗಂಡ–ಹೆಂಡತಿ ಕೂಡಿ ಒಂದು ‘ಕೊಯ್ತಾ’. ಮುಕಾದಮ ಮೊದಲೇ ‘ಉಚಲ’ ಕೊಟ್ಟಿರ್ತಾನೆ, ಅಂದ್ರೆ ಮುಂಗಡ. ಅದು ತೀರುವ ತನಕ ಬಿಡುವ ಹಾಗಿಲ್ಲ. ಬ್ರಿಟನ್ನಿನ 1915ರ ಬಿಡುಗಡೆ ಚೀಟಿಯ ಮಾತು ಹೇಳಿದ್ನಲ್ಲ, ಇದೂ ಅದೇ ಜಾತಿಯದು. ಕಾನೂನಿನ ಕಾಗದ ಇಲ್ಲ ಅಷ್ಟೇ.

‘ಜನರೇ ಕೆಲಸ ಕೇಳಲ್ಲ, ಕಬ್ಬಿಗೆ ಹೋಗ್ತಾರೆ’ ಅಂತ ಕಚೇರಿಗಳಲ್ಲಿ ಹೇಳ್ತಾರೆ. ಹೋಗುವ ಕಾರಣ ಕೇಳಿ. ಮುಕಾದಮ ದುಡಿಯುವ ಮೊದಲೇ ದುಡ್ಡು ಕೊಡ್ತಾನೆ. ಸರಕಾರ ದುಡಿದ ಮೇಲೆ ಕೊಡುತ್ತೆ, ಕಾಯ್ದೆಯ ಪ್ರಕಾರ ಹದಿನೈದು ದಿನದೊಳಗೆ, ವಾಸ್ತವದಲ್ಲಿ ಯಾವಾಗಲೋ. ಮಗಳ ಮದುವೆಗೆ, ಬೋರಿನ ಸಾಲಕ್ಕೆ ಉಪಯೋಗ ಆಗೋದು ಮೊದಲಿನದ್ದು. ಹೀಗೆ ಹೋದವರು ಅರ್ಜಿ ಕೊಡುವುದಿಲ್ಲ. ಅರ್ಜಿ ಇಲ್ಲ ಅಂದ್ರೆ ಬೇಡಿಕೆ ಇಲ್ಲ, ಬೇಡಿಕೆ ಇಲ್ಲ ಅಂದ್ರೆ ಕಾಮಗಾರಿ ಇಲ್ಲ, ಕಾಮಗಾರಿ ಇಲ್ಲ ಅಂದ್ರೆ ಮುಂದಿನ ವರ್ಷವೂ ಉಚಲ. ಈ ಚಕ್ರದಲ್ಲಿ ನಿರುದ್ಯೋಗ ಭತ್ಯೆ ಎಲ್ಲೂ ಕಾಣಿಸಿಕೊಳ್ಳುವುದೇ ಇಲ್ಲ, ಯಾಕಂದ್ರೆ ದಾಖಲೆಯ ಪ್ರಕಾರ ನಿರುದ್ಯೋಗಿಯೇ ಇಲ್ಲ.

ಹಾಗಾಗಿ ನನ್ನ ನಿಲುವು ಇಷ್ಟು. ಬ್ರಿಟನ್ನಿನ ಕೂಲಿಯವನು ಪರೀಕ್ಷೆಯಲ್ಲಿ ಫೇಲಾಗಿ ಭತ್ಯೆ ಕಳಕೊಂಡ. ಅವನ ಅರ್ಜಿ ತಿರಸ್ಕಾರವಾಯ್ತು, ಆ ತಿರಸ್ಕಾರ ದಾಖಲಾಯ್ತು. ಅದಕ್ಕೇ 30 ಲಕ್ಷ ಅನ್ನುವ ಅಂಕಿ ಇವತ್ತು ನಮಗೆ ಸಿಗುತ್ತೆ, ಆ ಅಂಕಿ ಹಿಡಿದು ಅಲ್ಲಿ ಜನ ಜಗಳ ಆಡಿದರು, ನಿಯಮ ಹೋಯ್ತು. ನಮ್ಮ ಕಾನೂನು ಪರೀಕ್ಷೆಯನ್ನೇ ತೆಗೆದುಹಾಕಿತು, ಅದು ದೊಡ್ಡ ಹೆಜ್ಜೆ. ಆದರೆ ನಮ್ಮಲ್ಲಿ ಅರ್ಜಿ ತಿರಸ್ಕಾರ ಆಗುವುದಿಲ್ಲ, ದಾಖಲೇ ಆಗುವುದಿಲ್ಲ. ದಾಖಲಾಗದ ಅರ್ಜಿಗೆ ಮೇಲ್ಮನವಿ ಹಾಕಲಿಕ್ಕೆ ಬರಲ್ಲ. ಭತ್ಯೆಯ ದರ ಹೆಚ್ಚಿಸಿ ಅಂತ ಕೇಳುವುದಕ್ಕಿಂತ ಮೊದಲು ಪಾವತಿ ಕೊಡಿಸಿ ಅಂತ ಕೇಳಬೇಕು. ಮಾತು ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆ ಕೇಳಬಹುದು.

ಪ್ರಶ್ನೋತ್ತರ

*ಪ್ರಶ್ನೆ:* ಸರ್, ಪಾವತಿ ಕೊಡಲ್ಲ ಅಂದಾಗ ಕೂಲಿಯವರು ಏನು ಮಾಡಬಹುದು? ಜಗಳ ಮಾಡಿದರೆ ಮುಂದೆ ಕೆಲಸವೇ ಸಿಗಲ್ಲ ಅನ್ನುವ ಹೆದರಿಕೆ ಇರುತ್ತಲ್ಲ.

*ಉತ್ತರ:* ಹೆದರಿಕೆ ನಿಜ. ಅದಕ್ಕೇ ಒಬ್ಬೊಬ್ಬರಾಗಿ ಹೋಗಬಾರದು. ಗುಂಪಾಗಿ ಒಂದೇ ಅರ್ಜಿ, ಅದರ ಎರಡು ಪ್ರತಿ. ಒಂದರ ಮೇಲೆ ಪಂಚಾಯತಿಯ ಸಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳಬೇಕು. ಒಲ್ಲೆ ಅಂದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಪಂಚಾಯತಿಗೆ, ಒಂದು ಪ್ರತಿ ಗಟವಿಕಾಸ ಅಧಿಕಾರಿಗೆ ಕಳಿಸಬಹುದು. ಅಂಚೆಯ ಚೀಟಿಯ ಮೇಲೆ ತಾರೀಖು ಇರುತ್ತೆ. ಪೋಸ್ಟಿನವನಿಗೆ ಯಾರ ಮುಲಾಜೂ ಇಲ್ಲ. 2005ರ ಕಾಯ್ದೆಯ 25ನೇ ಕಲಮಿನಲ್ಲಿ ಕಾಯ್ದೆ ಮೀರಿದವರಿಗೆ 1,000 ರೂಪಾಯಿವರೆಗೆ ದಂಡ ಇತ್ತು. ಅದನ್ನ ಹೆದರಿಸಲಿಕ್ಕೆ ಅಲ್ಲ, ನೆನಪಿಸಲಿಕ್ಕೆ ಅರ್ಜಿಯಲ್ಲಿ ಬರೆದರೆ ಸಾಕಿತ್ತು.

*ಪ್ರಶ್ನೆ:* ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದೇ? ಮಹಾರಾಷ್ಟ್ರದ ಕಚೇರಿ ತಗೋಬೇಕಾ?

*ಉತ್ತರ:* ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ‘ಪಾವತಿ ಕೊಡಲಿಲ್ಲ’ ಅನ್ನೋದು ಕುಂದುಕೊರತೆಯೇ. ಅದನ್ನ ಕನ್ನಡದಲ್ಲಿ ಬರೆಯುವ ಹಕ್ಕಿದೆ. ಆದರೆ ನಮುನಾ 4ನ್ನು ಮರಾಠಿಯಲ್ಲೇ ತುಂಬಿಸಿ, ಏನು ತುಂಬಿದೆ ಅಂತ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ ಅಂತಲೇ ನಾನು ಹೇಳೋದು. ಭಾಷೆಯ ಜಗಳ ಬೇರೆ ಕಡೆ ಆಡೋಣ. ಈ ಅರ್ಜಿಯಲ್ಲಿ ಆಡಿದರೆ ನಷ್ಟ ಕೂಲಿಯವಳಿಗೆ.

*ಪ್ರಶ್ನೆ:* ಕೆಲಸ ಕೊಟ್ಟಾಗ ಹೋಗದಿದ್ದರೆ ಭತ್ಯೆ ನಿಲ್ಲುತ್ತಾ? ಬ್ರಿಟನ್ನಿನ ಆರು ವಾರದ ನಿಯಮದ ಹಾಗೆ ಇಲ್ಲೂ ಇದೆಯಾ?

*ಉತ್ತರ:* ಒಳ್ಳೆ ಪ್ರಶ್ನೆ. 2005ರ ಕಾಯ್ದೆಯಲ್ಲಿ ಇತ್ತು, 9ನೇ ಕಲಮು. ಕೊಟ್ಟ ಕೆಲಸ ಒಪ್ಪದಿದ್ದರೆ, ತಿಳಿಸಿದ 15 ದಿನದೊಳಗೆ ಹಾಜರಾಗದಿದ್ದರೆ, ಅನುಮತಿ ಇಲ್ಲದೆ ವಾರಕ್ಕಿಂತ ಹೆಚ್ಚು ಗೈರುಹಾಜರಾದರೆ ಮೂರು ತಿಂಗಳು ಭತ್ಯೆಯ ಹಕ್ಕಿರಲಿಲ್ಲ. ಆ ಅವಧಿಯಲ್ಲೂ ಕೆಲಸ ಮಾತ್ರ ಕೇಳಬಹುದಿತ್ತು. ಇಲ್ಲೂ ತಾರೀಖಿನದ್ದೇ ಮಾತು. ಯಾವ ದಿನ ಕೆಲಸಕ್ಕೆ ಕರೆದರು ಅನ್ನುವುದಕ್ಕೆ ಬರೆದ ನೋಟೀಸು ಬೇಕು. ‘ಓಣ್ಯಾಗ ಹೇಳಿಸಿದ್ವಿ’ ಅಂದರೆ ಸಾಲದು. ಕೂಲಿಯವಳು ಕೇಳಿದ ದಿನಕ್ಕೆ ಕಾಗದ ಬೇಕಾದರೆ ಸರಕಾರ ಕರೆದ ದಿನಕ್ಕೂ ಕಾಗದ ಬೇಕು.

*ಪ್ರಶ್ನೆ:* ನಿಮ್ಮ ಭಾಗಕ್ಕೆ ಏತ ನೀರಾವರಿ ಬಂದರೆ ಈ ಇಡೀ ಚರ್ಚೆಯೇ ಬೇಕಾಗಲ್ಲ ಅಲ್ವಾ?

*ಉತ್ತರ:* ನೀರು ಬರಲಿ, ಎಲ್ಲರಿಗಿಂತ ಮೊದಲು ಸಂತೋಷ ಪಡೋನು ನಾನು. ಆದರೆ ನೀರು ಹೊಲ ಇದ್ದವರಿಗೆ ಮೊದಲು ಮುಟ್ಟುತ್ತೆ. ನೀರು ಬಂದ ಪಶ್ಚಿಮ ತಾಲೂಕುಗಳಿಗೇ ನಮ್ಮ ಟೋಳಿಗಳು ಕಬ್ಬು ಕಡಿಯಲಿಕ್ಕೆ ಹೋಗೋದು. ಭೂಮಿ ಇಲ್ಲದವರ ಕೆಲಸವಿಲ್ಲದ ದಿನಗಳನ್ನು ನೀರು ಕಡಿಮೆ ಮಾಡಬಹುದು, ಪೂರ್ತಿ ತೆಗೆಯಲ್ಲ. ಆ ಉಳಿದ ದಿನಗಳಿಗೆ ಅವರ ಕೈಯಲ್ಲಿ ತಾರೀಖು ಹಾಕಿದ ಒಂದು ಪಾವತಿ ಇರಲಿ ಅನ್ನೋದು ನನ್ನ ಮಾತು.